ಚುಕ್ಕಾಣಿಗ ಮತ್ತು ನಮ್ಮ ಜನರಲ್ ರಜಿಸ್ಟರ್

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ನೂರು ವರ್ಷ ತುಂಬಿದ ಶಾಲೆಯ ಮುಖ್ಯೋಪಾಧ್ಯಾಯಿನಿ ಹಳೆಯ ನೆನಪುಗಳನ್ನು ಹೇಳುವಳೆಂದು ನೀವು ನಿರೀಕ್ಷಿಸಿರಬಹುದು. ನಾನು ಇಂದು ಆಯ್ದುಕೊಂಡಿರುವುದು ತೀರ ಹೊಸ ವಿಷಯ. ಅದಕ್ಕೆ ಕಾರಣವಿದೆ. ಶಾಲೆಯ ದಾಖಲೆಗಳನ್ನೆಲ್ಲ ಕ್ಲೌಡ್‌ಗೆ ಏರಿಸಿಕೊಡುತ್ತೇವೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಮುಂದೆ ಬಂದಿದ್ದಾರೆ. ಒಪ್ಪಿಗೆ ಕೊಡುವ ಮೊದಲು ಆ ಕ್ಲೌಡ್ ಎಂದರೇನು, ಅಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಅರಿಯುವುದು ನನ್ನ ಕರ್ತವ್ಯವಾಯಿತು. ನಾನು ಕನ್ನಡ ಸಾಹಿತ್ಯ ಓದಿದವಳು, ಯಂತ್ರಶಾಸ್ತ್ರ ನನ್ನದಲ್ಲ. ದೀಪಾವಳಿ ರಜೆಯಲ್ಲಿ ಊರಿಗೆ ಬಂದಿದ್ದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ಬೆಂಗಳೂರಿನಲ್ಲಿ ಇದೇ ಉದ್ಯೋಗ ಮಾಡುವವಳು, ಎರಡು ಮಧ್ಯಾಹ್ನ ಶಿಕ್ಷಕರ ಕೊಠಡಿಯಲ್ಲಿ ಕುಳಿತು ನನಗೆ ಪಾಠ ಹೇಳಿದಳು. ತಿಳಿದದ್ದನ್ನು ತಾಯ್ನುಡಿಯಲ್ಲಿ ಹೇಳಬಲ್ಲೆನಾದರೆ ಮಾತ್ರ ಅದು ತಿಳಿದಂತೆ ಎಂದು ತರಗತಿಯಲ್ಲಿ ಸದಾ ಹೇಳುವವಳು ನಾನು. ಇಂದು ಆ ಪರೀಕ್ಷೆಗೆ ನಾನೇ ಕುಳಿತಿದ್ದೇನೆ.

ನಮ್ಮ ಜತ್ತ ತಾಲೂಕಿನ ಜನರಿಗೆ ಕಂಟೇನರ್ ಎಂದರೆ ಏನೆಂದು ಹೇಳಬೇಕಾಗಿಲ್ಲ. ದ್ರಾಕ್ಷಿಯ ಸುಗ್ಗಿಯಲ್ಲಿ ತಂಪು ಪೆಟ್ಟಿಗೆ ಹೊತ್ತ ಲಾರಿಗಳು ಮುಂಬಯಿಯ ಬಳಿಯ ನ್ಹಾವಾ ಶೇವಾ ಬಂದರಿನತ್ತ ಸಾಗುವುದನ್ನು ನೀವು ನೋಡಿದ್ದೀರಿ. ಪೆಟ್ಟಿಗೆಯೊಳಗೆ ದ್ರಾಕ್ಷಿಯಿದೆಯೋ ದಾಳಿಂಬೆಯಿದೆಯೋ ಎಂಬುದನ್ನು ಕ್ರೇನು ಕೇಳುವುದಿಲ್ಲ. ಪೆಟ್ಟಿಗೆಯ ಅಳತೆ ಒಂದೇ. ಆದುದರಿಂದ ಲಾರಿ, ಹಡಗು, ರೈಲು ಎಲ್ಲವೂ ಅದನ್ನು ಹೊರಬಲ್ಲವು. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಮಾಲ್ಕಮ್ ಮೆಕ್ಲೀನ್ ಎಂಬ ಲಾರಿ ಉದ್ಯಮಿ ಐಡಿಯಲ್ ಎಕ್ಸ್ ಎಂಬ ಹಡಗಿನಲ್ಲಿ ಇಂತಹ 58 ಪೆಟ್ಟಿಗೆಗಳನ್ನು ಸಾಗಿಸಿದಾಗ ಹೊಸ ಯುಗವೇ ಆರಂಭವಾಯಿತು.

ಗಣಕಯಂತ್ರದವರು ಇದೇ ಉಪಾಯವನ್ನು ಎರವಲು ಪಡೆದರು. ಒಂದು ತಂತ್ರಾಂಶ ನಡೆಯಬೇಕಾದರೆ ಅದಕ್ಕೆ ಸಹಾಯಕ ಕಡತಗಳೂ ನಿರ್ದಿಷ್ಟ ಆವೃತ್ತಿಯ ಉಪಕರಣಗಳೂ ಬೇಕು. ಒಬ್ಬರ ಯಂತ್ರದಲ್ಲಿ ನಡೆದದ್ದು ಇನ್ನೊಬ್ಬರ ಯಂತ್ರದಲ್ಲಿ ನಡೆಯದಿರುವುದು ನಿತ್ಯದ ಗೋಳಾಗಿತ್ತು. ತಂತ್ರಾಂಶವನ್ನು ಅದರ ಎಲ್ಲ ಸಾಮಗ್ರಿಯೊಡನೆ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿಬಿಟ್ಟರೆ ಅದು ಎಲ್ಲಿಗೆ ಹೋದರೂ ಒಂದೇ ರೀತಿ ನಡೆಯುತ್ತದೆ. 2013ರಲ್ಲಿ ಬಂದ ಡಾಕರ್ ಎಂಬ ಸಾಧನ ಈ ಕೆಲಸವನ್ನು ಸಾಮಾನ್ಯರ ಕೈಗೆ ತಂದಿತು.

ಒಂದು ಪೆಟ್ಟಿಗೆಯಾದರೆ ಒಬ್ಬರು ನೋಡಿಕೊಳ್ಳಬಹುದು. ಸಾವಿರ ಪೆಟ್ಟಿಗೆಗಳು ನೂರು ಯಂತ್ರಗಳ ಮೇಲೆ ಹರಡಿಕೊಂಡಿದ್ದರೆ? ಅಂತಹ ಯಂತ್ರಗಳ ಗುಂಪಿಗೆ ಕ್ಲಸ್ಟರ್, ಅಂದರೆ ಸಮೂಹ, ಎಂದು ಹೆಸರು. ಅದನ್ನು ನಡೆಸುವ ವ್ಯವಸ್ಥೆಗಳಲ್ಲಿ ಪ್ರಸಿದ್ಧವಾದುದು ಕುಬರ್ನೆಟೀಸ್. ಗ್ರೀಕ್ ಭಾಷೆಯಲ್ಲಿ ಈ ಪದಕ್ಕೆ ಚುಕ್ಕಾಣಿಗ, ಹಡಗಿನ ದಿಕ್ಕು ಹಿಡಿಯುವವನು, ಎಂದು ಅರ್ಥ. ಗೂಗಲ್ ಸಂಸ್ಥೆಯಲ್ಲಿ ರೂಪುಗೊಂಡ ಇದು 2014ರಲ್ಲಿ ಎಲ್ಲರಿಗೂ ಮುಕ್ತವಾಯಿತು.

ಈ ಚುಕ್ಕಾಣಿಗನ ರೀತಿ ನನಗೆ ಬಹಳ ಮೆಚ್ಚುಗೆಯಾಯಿತು. ಅವನಿಗೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಒಂದೊಂದಾಗಿ ಅಪ್ಪಣೆ ಕೊಡುವುದಿಲ್ಲ. ಕೊನೆಗೆ ಏನಿರಬೇಕು ಎಂಬುದನ್ನು ಒಂದು ಕಡತದಲ್ಲಿ ಬರೆದಿಡುತ್ತಾರೆ. ಈ ಸೇವೆಯ ಮೂರು ಪ್ರತಿಗಳು ಸದಾ ನಡೆಯುತ್ತಿರಬೇಕು, ಪ್ರತಿಯೊಂದಕ್ಕೂ ಇಷ್ಟು ಸ್ಮರಣಶಕ್ತಿ ಮೀಸಲು, ಇಷ್ಟಕ್ಕಿಂತ ಹೆಚ್ಚು ಬಳಸಕೂಡದು: ಇದು ಆ ಕಡತದ ಧಾಟಿ. ವ್ಯವಸ್ಥೆಯು ಇರಬೇಕಾದುದನ್ನೂ ಇರುವುದನ್ನೂ ಬಿಡುವಿಲ್ಲದೆ ಹೋಲಿಸುತ್ತಿರುತ್ತದೆ. ಮೂರು ಇರಬೇಕಾದಲ್ಲಿ ಎರಡೇ ಉಳಿದರೆ ತಾನಾಗಿ ಇನ್ನೊಂದನ್ನು ಎಬ್ಬಿಸುತ್ತದೆ. ಒಂದು ಯಂತ್ರವೇ ಕೆಟ್ಟರೆ ಅದರ ಮೇಲಿದ್ದ ಪೆಟ್ಟಿಗೆಗಳ ಬದಲಿಗೆ ಹೊಸವನ್ನು ಬೇರೆ ಯಂತ್ರದಲ್ಲಿ ಹೂಡುತ್ತದೆ. ಆಗಾಗ ಹಾಜರಿಯನ್ನೂ ಕರೆಯುತ್ತದೆ. ಉತ್ತರ ಕೊಡದ ಪೆಟ್ಟಿಗೆಯನ್ನು ನಿಲ್ಲಿಸಿ ಮತ್ತೆ ಆರಂಭಿಸುತ್ತದೆ. ಹೊಸ ಆವೃತ್ತಿ ಬಂದಾಗ ಎಲ್ಲವನ್ನೂ ಒಮ್ಮೆಗೇ ಬದಲಿಸದೆ ಹಂತಹಂತವಾಗಿ ಬದಲಿಸುತ್ತದೆ. ಹೊಸತು ಸಿದ್ಧವಾಗಿದೆಯೆಂದು ಖಚಿತವಾದ ಮೇಲೆಯೇ ಅದರತ್ತ ಜನರನ್ನು ಕಳುಹಿಸುತ್ತದೆ. ನಡುವೆ ತಪ್ಪು ಕಂಡರೆ ನಿರ್ವಾಹಕರು ಹಿಂದಿನ ಆವೃತ್ತಿಗೆ ಮರಳಬಹುದು.

ಇದರ ಪ್ರಯೋಜನವೇನು? ಹತ್ತನೆಯ ತರಗತಿಯ ಫಲಿತಾಂಶದ ದಿನವನ್ನು ನೆನೆಯಿರಿ. ನಮ್ಮ ರಾಜ್ಯದಲ್ಲಿ ಸುಮಾರು 15 ಲಕ್ಷ ಮಕ್ಕಳು ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ಪ್ರಕಟವಾದ ಗಳಿಗೆಯಲ್ಲಿ ಇಡೀ ರಾಜ್ಯ ಒಂದೇ ಬಾಗಿಲು ತಟ್ಟುತ್ತದೆ. ಮರುದಿನ ಅಲ್ಲಿ ಯಾರೂ ಇರುವುದಿಲ್ಲ. ಬರಗಾಲದಲ್ಲಿ ವಸತಿಯ ಜನಸಂಖ್ಯೆ ನೋಡಿ ಟ್ಯಾಂಕರ್‌ಗಳನ್ನು ಹೆಚ್ಚಿಸಿ, ಮಳೆ ಬಂದ ಮೇಲೆ ಕಡಿಮೆ ಮಾಡುವುದನ್ನು ನಾವು ಬಲ್ಲೆವು. ಸಮೂಹವೂ ಹಾಗೆಯೇ. ಬೇಡಿಕೆ ಏರಿದಾಗ ಪ್ರತಿಗಳನ್ನು ಹೆಚ್ಚಿಸುತ್ತದೆ, ಇಳಿದಾಗ ತಗ್ಗಿಸುತ್ತದೆ. ಆದರೆ ಎಷ್ಟರಿಂದ ಎಷ್ಟರವರೆಗೆ ಎಂಬುದನ್ನು ಮನುಷ್ಯರೇ ಮೊದಲು ಯೋಚಿಸಿ ಬರೆದಿಟ್ಟಿರಬೇಕು.

ನಮ್ಮ ಮಕ್ಕಳು ಇಂತಹ ವ್ಯವಸ್ಥೆಯನ್ನು ಈಗಾಗಲೇ ಬಳಸುತ್ತಿದ್ದಾರೆ. ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಮೊಬೈಲಿಗೆ ತೋರಿಸಿದರೆ ತೆರೆದುಕೊಳ್ಳುವ ದೀಕ್ಷಾ ವೇದಿಕೆ 2017ರ ಶಿಕ್ಷಕರ ದಿನದಂದು ಆರಂಭವಾಯಿತು. ಅದರ ತಳಹದಿಯಾದ ಸನ್‌ಬರ್ಡ್ ತಂತ್ರಾಂಶವನ್ನು ರೂಪಿಸಿದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನ. ಸನ್‌ಬರ್ಡ್ ಒಂದೇ ದೊಡ್ಡ ಯಂತ್ರದಂತಿಲ್ಲ; ಪಾಠ ಹುಡುಕುವುದಕ್ಕೆ ಒಂದು, ಬಳಕೆದಾರರನ್ನು ಗುರುತಿಸುವುದಕ್ಕೆ ಇನ್ನೊಂದು ಎಂಬಂತೆ ಅನೇಕ ಸಣ್ಣ ಸೇವೆಗಳು ಕಂಟೇನರ್‌ಗಳಲ್ಲಿ ಕಟ್ಟಲ್ಪಟ್ಟು ಕುಬರ್ನೆಟೀಸ್ ಸಮೂಹದ ಮೇಲೆ ನಡೆಯುವಂತೆ ಅದನ್ನು ರಚಿಸಲಾಗಿದೆ. 2020ರಲ್ಲಿ ಕೊರೋನಾದಿಂದ ಶಾಲೆಗಳ ಬಾಗಿಲು ಮುಚ್ಚಿದಾಗ ದೇಶದ ಶಿಕ್ಷಕರೂ ಮಕ್ಕಳೂ ಈ ವೇದಿಕೆಯತ್ತ ತಿರುಗಿದರು.

ಇಲ್ಲಿಯವರೆಗೆ ಹೊಗಳಿದೆ. ಇನ್ನು ನನ್ನ ಚಿಂತೆಯನ್ನು ಹೇಳುತ್ತೇನೆ.

ಪೆಟ್ಟಿಗೆ ನಶ್ವರ. ಅದು ಬೀಳುತ್ತದೆ, ಬದಲಿಗೆ ಇನ್ನೊಂದು ಬರುತ್ತದೆ. ಆದರೆ ಬಿದ್ದ ಪೆಟ್ಟಿಗೆಯೊಳಗೆ ಬರೆದಿಟ್ಟದ್ದೆಲ್ಲ ಅದರೊಡನೆಯೇ ಹೋಗುತ್ತದೆ. ಆದುದರಿಂದ ಉಳಿಯಬೇಕಾದ ಮಾಹಿತಿಯನ್ನು ಪೆಟ್ಟಿಗೆಯ ಹೊರಗೆ, ಶಾಶ್ವತ ಸಂಗ್ರಹದಲ್ಲಿ ಇಡಬೇಕು. ಮತ್ತೆ ಹುಟ್ಟಿಸಬಹುದಾದುದು ಯಾವುದು, ಒಮ್ಮೆ ಹೋದರೆ ಮರಳಿ ಬಾರದಿರುವುದು ಯಾವುದು ಎಂಬ ವಿವೇಕವನ್ನು ಯಂತ್ರ ತಾನಾಗಿ ಕೊಡುವುದಿಲ್ಲ. ಅದನ್ನು ಬರೆಯುವವರು ಹೇಳಬೇಕು.

ಈ ಪಾಠವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಶತಮಾನೋತ್ಸವಕ್ಕೆಂದು ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಕಚೇರಿಯ ಗಣಕಯಂತ್ರದಲ್ಲಿ ನಾಲ್ಕು ತಿಂಗಳು ಕುಳಿತು ಟಂಕಿಸಿದೆವು. ಬೇರೆಡೆ ಪ್ರತಿಯೊಂದನ್ನು ಇಡೋಣವೆಂದು ಕಿರಿಯ ಶಿಕ್ಷಕಿಯೊಬ್ಬರು ಹೇಳಿದ್ದರು. ಕೆಲಸ ಮುಗಿಯಲಿ, ಆಮೇಲೆ ನೋಡೋಣ ಎಂದವಳು ನಾನು. ಒಂದು ಬೇಸಿಗೆಯ ಮಧ್ಯಾಹ್ನ ವಿದ್ಯುತ್ ಹೋಗಿ ಬಂತು. ಯಂತ್ರ ಮತ್ತೆ ಏಳಲಿಲ್ಲ. ಅದರೊಳಗಿನ ಡಿಸ್ಕಿನಿಂದ ಒಂದು ಹೆಸರೂ ಮರಳಿ ದೊರೆಯಲಿಲ್ಲ. ನಾವು ಎಲ್ಲವನ್ನೂ ಮತ್ತೆ ಟಂಕಿಸಲು ಸಾಧ್ಯವಾದದ್ದು ಕಪಾಟಿನಲ್ಲಿ ಜನರಲ್ ರಜಿಸ್ಟರ್‌ಗಳು ಸುರಕ್ಷಿತವಾಗಿದ್ದುದರಿಂದ.

ಆ ರಜಿಸ್ಟರ್‌ಗಳ ಬೆಲೆ ಇಲ್ಲಿರುವ ಪಾಲಕರಿಗೆ ತಿಳಿದಿದೆ. ಜಾತಿ ಪ್ರಮಾಣಪತ್ರದ ಪರಿಶೀಲನೆಗೆ ಅಜ್ಜನ ಕಾಲದ ಶಾಲಾ ನೋಂದಣಿ ಬೇಕಾದಾಗ ಕುಟುಂಬಗಳು ನಮ್ಮ ಕಚೇರಿಗೆ ಬರುತ್ತವೆ. ಒಂದು ಸಾಲು ಸಿಕ್ಕರೆ ಮೊಮ್ಮಗಳ ಕಾಲೇಜು ಪ್ರವೇಶಕ್ಕೆ ದಾರಿಯಾಗುತ್ತದೆ. ಸಾಲು ಸಿಗದೆ ಮರಳಿದವರ ಮುಖವನ್ನೂ ನಾನು ಕಂಡಿದ್ದೇನೆ.

ಈ ಶಾಲೆ ಆರಂಭವಾದಾಗ ನಮ್ಮೂರು ಜತ್ತ ಸಂಸ್ಥಾನದಲ್ಲಿತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮುಂದಿನ ವರ್ಷ ದಕ್ಷಿಣ ಸಾತಾರಾ ಜಿಲ್ಲೆ ರಚಿತವಾಯಿತು. 1960ರಲ್ಲಿ ಮಹಾರಾಷ್ಟ್ರ ರಾಜ್ಯ ಉದಯಿಸಿತು. ಅದೇ ವರ್ಷ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ಶಾಲೆಯ ಮೊಹರು ಬದಲಾಯಿತು, ಪಠ್ಯಕ್ರಮ ಬದಲಾಯಿತು, ಗುರುಗಳು ಬಂದು ಹೋದರು. ಆದರೆ ಮಗುವಿನ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಬರೆದ ಪುಟಗಳನ್ನು ಪ್ರತಿ ಮುಖ್ಯೋಪಾಧ್ಯಾಯರೂ ಎಣಿಸಿ, ಸಹಿ ಹಾಕಿ ಮುಂದಿನವರಿಗೆ ಒಪ್ಪಿಸಿದರು. ಪೆಟ್ಟಿಗೆಗಳು ಬದಲಾದರೂ ಸಂಗ್ರಹ ಉಳಿಯಬೇಕೆಂಬ ನಿಯಮವನ್ನು ಅವರು ಯಾವ ಯಂತ್ರದ ನೆರವೂ ಇಲ್ಲದೆ ಪಾಲಿಸಿದರು.

ಇನ್ನೊಂದು ಎಚ್ಚರಿಕೆ. ದೀಕ್ಷಾ ವೇದಿಕೆಗೆ ಸಂಬಂಧಿಸಿದ ಶಿಕ್ಷಕರ ಹಾಗೂ ವಿದ್ಯಾರ್ಥಿಗಳ ಮಾಹಿತಿ ಕ್ಲೌಡ್‌ನ ಸಂಗ್ರಹವೊಂದರಲ್ಲಿ ರಕ್ಷಣೆಯಿಲ್ಲದೆ ತೆರೆದುಕೊಂಡಿತ್ತೆಂದು 2023ರ ಜನವರಿಯಲ್ಲಿ ವರದಿಯಾಯಿತು. ಇಂತಹ ಅನಾಹುತಕ್ಕೆ ಬಾಗಿಲು ಒಡೆಯುವ ಕಳ್ಳನೇ ಬೇಕಾಗಿಲ್ಲ; ಬಾಗಿಲಿಗೆ ಚಿಲಕ ಹಾಕುವುದನ್ನು ಮರೆತರೆ ಸಾಕು. ಕುಬರ್ನೆಟೀಸ್‌ನಲ್ಲಿ ಗುಪ್ತಪದಗಳನ್ನು ಇಡುವುದಕ್ಕೆ ಸೀಕ್ರೆಟ್ ಎಂಬ ಸ್ಥಾನವಿದೆ. ಹೆಸರು ಹಾಗಿದ್ದರೂ, ನಾವು ಬೇರೆಯಾಗಿ ಏರ್ಪಾಡು ಮಾಡದಿದ್ದರೆ ಅದು ಗೂಢಲಿಪಿಯಲ್ಲಿ ಉಳಿಯುವುದಿಲ್ಲವಂತೆ. ಹೆಸರನ್ನು ನಂಬಿ ನಿಶ್ಚಿಂತರಾಗಬಾರದು.

ಆದುದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಮೂರು ವಿನಂತಿಗಳಿವೆ. ಮೊದಲನೆಯದು, ನೀವು ಕಟ್ಟುವ ವ್ಯವಸ್ಥೆಯ ಕಡತಗಳು ಒಬ್ಬರ ತಲೆಯಲ್ಲಿಯೋ ಒಬ್ಬರ ಯಂತ್ರದಲ್ಲಿಯೋ ಉಳಿಯಬಾರದು. ಅದರ ವಿವರಣೆಯನ್ನು ಕನ್ನಡದಲ್ಲಿ ಬರೆದು ಶಾಲೆಗೆ ಒಪ್ಪಿಸಿ. ನನ್ನ ನಂತರ ಬರುವವರು ಓದಿ ಅರಿಯುವಂತಿರಲಿ. ಎರಡನೆಯದು, ದಾಖಲೆಗಳ ಪ್ರತಿ ಬೇರೆ ಬೇರೆ ಸ್ಥಳಗಳಲ್ಲಿರಲಿ, ಮತ್ತು ವರ್ಷಕ್ಕೊಮ್ಮೆ ನಮ್ಮ ಕಣ್ಣೆದುರು ಆ ಪ್ರತಿಯಿಂದ ಎಲ್ಲವನ್ನೂ ಮರಳಿ ತೆಗೆದು ತೋರಿಸಿ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ. ಮೂರನೆಯದು, ಮಕ್ಕಳ ಮಾಹಿತಿಯನ್ನು ಯಾರು ನೋಡಬಹುದೆಂಬುದನ್ನು ಮೊದಲು ಬರೆದು, ಪಾಲಕರ ಸಭೆಯಲ್ಲಿ ಓದಿ, ಅನಂತರ ಕೆಲಸ ಆರಂಭಿಸಿ. ಕಾಗದದ ರಜಿಸ್ಟರ್‌ಗಳಂತೂ ಕಪಾಟಿನಲ್ಲಿಯೇ ಇರುತ್ತವೆ.

ಕೊನೆಯದಾಗಿ ಒಂದು ಮಾತು. ಆ ಚುಕ್ಕಾಣಿಗನ ವಿಧಾನವನ್ನು ಕೇಳುತ್ತಿದ್ದಾಗ ನನ್ನ ಮನಸ್ಸು ಬೇರೆಡೆಗೆ ಹೋಯಿತು. ಇರಬೇಕಾದುದನ್ನು ಬರೆದಿಡುವುದು ನಮಗೂ ಗೊತ್ತು. ಇಷ್ಟು ತರಗತಿಗಳಿಗೆ ಇಷ್ಟು ಕನ್ನಡ ಶಿಕ್ಷಕರು ಎಂಬ ಲೆಕ್ಕ ಕಾಗದದ ಮೇಲಿದೆ. ಒಬ್ಬರು ನಿವೃತ್ತರಾದಾಗ ಆ ಸ್ಥಾನ ತಾನಾಗಿ ತುಂಬುವುದಿಲ್ಲ. ಯಂತ್ರದ ಲೋಕದಲ್ಲಿ ಮೂರರಲ್ಲಿ ಒಂದು ಬಿದ್ದರೆ ಅಲ್ಪಾವಧಿಯಲ್ಲಿ ಹೊಸತು ಏಳುತ್ತದೆ. ಗಡಿಭಾಗದ ಕನ್ನಡ ಶಾಲೆಯಲ್ಲಿ ಇರುವುದನ್ನೂ ಇರಬೇಕಾದುದನ್ನೂ ಹೋಲಿಸಿ ನೋಡುವ ಕಣ್ಣು ಪಾಲಕರದೇ ಆಗಬೇಕು. ನೀವು ಪ್ರತಿ ಸಭೆಗೂ ಬನ್ನಿ, ಎಣಿಸಿ, ಕೇಳಿ. ನಿಮ್ಮ ಮಗುವನ್ನು ಇಲ್ಲಿಗೆ ಕಳುಹಿಸಿ. ಈ ಕಠಿಣ ವಿಷಯವನ್ನು ನನಗೆ ತಿಳಿಸಿಕೊಟ್ಟವಳು ಇದೇ ಶಾಲೆಯಲ್ಲಿ ಕನ್ನಡದಲ್ಲಿ ಅಕ್ಷರ ತಿದ್ದಿದವಳು. ಅವಳ ಹೆಸರು ಆ ರಜಿಸ್ಟರ್‌ನಲ್ಲಿದೆ. ಮೊದಲ ಪಾಠದ ದಿನ ಅದನ್ನು ತೆಗೆದು ತೋರಿಸಿದಾಗ, ಆ ಸಾಲಿನ ಮೇಲೆ ಬೆರಳಿಟ್ಟು ಅವಳು ಬಹಳ ಹೊತ್ತು ಸುಮ್ಮನಿದ್ದಳು.