ಬಾಂಡ್ ಗೊತ್ತು, ಬರೆದವನು ಗೊತ್ತೇ?

(ರಾಜ್ಯೋತ್ಸವ ಸಭೆಯೊಂದರಲ್ಲಿ ಆಡಿದ ಮಾತುಗಳು)



ಜೇಮ್ಸ್ ಬಾಂಡ್ ಯಾರೆಂದು ಕೇಳಿದರೆ ನಿಮ್ಮ ಮನೆಯ ಹುಡುಗನೂ ಹೇಳುತ್ತಾನೆ. ಶಾನ್ ಕಾನರಿ, ರೋಜರ್ ಮೂರ್ ಹೆಸರೂ ಗೊತ್ತು. ರಿಚರ್ಡ್ ಮೈಬಾಮ್? ಗೊತ್ತಿದ್ದವರು ಕೈ ಎತ್ತಿ ನೋಡೋಣ. 1962ರಿಂದ 1989ರವರೆಗೆ ಬಂದ ಆ ಸರಣಿಯ 16 ಚಿತ್ರಗಳಲ್ಲಿ 13ರ ಚಿತ್ರಕಥೆಯಲ್ಲಿ ಈತನ ಹೆಸರಿದೆ.

ಪೋಸ್ಟರ್ ಅಚ್ಚು ಹಾಕಿ ಹೊಟ್ಟೆ ಹೊರೆಯುವವನು ನಾನು. ನಾಯಕನ ಮುಖ ಆಳೆತ್ತರ, ಬರೆದವನ ಹೆಸರು ಇರುವೆ ಸಾಲು. ಹಾಗಾಗಿ ಈ ಮನುಷ್ಯನ ಕಥೆ ನನಗೆ ಹಿಡಿಸಿತು.

ಮೈಬಾಮ್ ಹುಟ್ಟಿದ್ದು 1909ರಲ್ಲಿ, ನ್ಯೂಯಾರ್ಕಿನಲ್ಲಿ. ಮೊದಲು ನಾಟಕಕಾರ. ಕರಿಯರನ್ನು ಗುಂಪುಗೂಡಿ ಕೊಲ್ಲುತ್ತಿದ್ದ ಪಾತಕದ ವಿರುದ್ಧ 1932ರಲ್ಲೇ ನಾಟಕ ಬರೆದ. ಮರುವರ್ಷ ಹಿಟ್ಲರನ ನಾಜಿಗಳ ವಿರುದ್ಧ ಇನ್ನೊಂದು. ಆಗ ಇನ್ನೂ ಇಪ್ಪತ್ನಾಲ್ಕರ ಹುಡುಗ! ಆಮೇಲೆ ಹಾಲಿವುಡ್, ಯುದ್ಧಕಾಲದಲ್ಲಿ ಸೈನ್ಯದ ಚಿತ್ರ ವಿಭಾಗ. 1946ರಲ್ಲಿ ಅಮೆರಿಕದ ಗೂಢಚಾರ ಸಂಸ್ಥೆಯ ಬಗ್ಗೆ 'ಓ.ಎಸ್.ಎಸ್.' ಚಿತ್ರ ಬರೆದು ನಿರ್ಮಿಸಿದ. ಬಾಂಡ್ ಬರುವ ಹೊತ್ತಿಗೆ ಐವತ್ತು ದಾಟಿತ್ತು.

'ಡಾಕ್ಟರ್ ನೋ' ಚಿತ್ರಕ್ಕೆ ವುಲ್ಫ್ ಮ್ಯಾಂಕೊವಿಟ್ಸ್ ಜೊತೆ ಸೇರಿ ಬರೆದ ಮೊದಲ ಕರಡಿನಲ್ಲಿ ಖಳನಾಯಕನನ್ನು ಮಂಗ ಮಾಡಿಟ್ಟಿದ್ದರು! ನಿರ್ಮಾಪಕ ಬ್ರಾಕಲಿ ಕೆಂಡಾಮಂಡಲವಾದ. ಮೈಬಾಮ್ ಮತ್ತೆ ಕೂತು ಬರೆದ. ದೊಡ್ಡ ಬರಹಗಾರನೂ ಹರಿದು ಹಾಕುತ್ತಾನೆ ಸ್ವಾಮಿ.

'ಗೋಲ್ಡ್ ಫಿಂಗರ್' (1964) ನೋಡಿ. ಫ್ಲೆಮಿಂಗ್ ಕಾದಂಬರಿಯಲ್ಲಿ ಖಳನಾಯಕ ಫೋರ್ಟ್ ನಾಕ್ಸಿನ ಚಿನ್ನವನ್ನೇ ಕದಿಯಲು ಹೊರಡುತ್ತಾನೆ. ಅಷ್ಟು ಟನ್ ಚಿನ್ನ ಹೊರುವವರು ಯಾರು, ಸಾಗಿಸುವುದು ಹೇಗೆ? ಮೈಬಾಮ್ ಮತ್ತು ಪಾಲ್ ಡೆನ್ ಬರೆದ ಚಿತ್ರಕಥೆಯಲ್ಲಿ ಬಾಂಡ್ ಈ ಪ್ರಶ್ನೆಯನ್ನು ಖಳನ ಮುಂದೆಯೇ ಇಡುತ್ತಾನೆ: 60 ಆಳು, 200 ಲಾರಿ, 12 ದಿನ ಬೇಕಲ್ಲ! ಅವನು ಕದಿಯುವುದೇ ಇಲ್ಲ. ಅಣುಬಾಂಬ್ ಸಿಡಿಸಿ ಅಲ್ಲಿನ ಚಿನ್ನವನ್ನು ಯಾರೂ ಮುಟ್ಟದಂತೆ ಮಾಡಿದರೆ ಸಾಕು, ತನ್ನ ಚಿನ್ನದ ಬೆಲೆ ಏರುತ್ತದೆ. ಕಾದಂಬರಿಯ ಗರಗಸ ತೆರೆಯ ಮೇಲೆ ಲೇಸರ್ ಆಯಿತು. ಇದಕ್ಕೆ ಬರವಣಿಗೆ ಅನ್ನುತ್ತಾರೆ. ಪಕ್ಕದ ಭಾಷೆಯ ಸಿ.ಡಿ. ತಂದು ದೃಶ್ಯ ದೃಶ್ಯವೇ ಇಳಿಸಿಕೊಳ್ಳುವುದಕ್ಕಲ್ಲ.

ನಮ್ಮವರಿಗೂ ಈ ಛಲ ಇತ್ತು. 1968ರಲ್ಲಿ ದೊರೈ-ಭಗವಾನ್ ಅವರು 'ಜೇಡರಬಲೆ' ತೆಗೆದರು. ಅಣ್ಣಾವ್ರು ಸಿಐಡಿ 999. ಬಾಂಡನ ಗತ್ತೆಲ್ಲ ಇತ್ತು, ಆದರೆ ಆತ ಕನ್ನಡದವನು. ಡಬ್ಬಿಂಗ್ ಬೇಡವೆಂದು ಅ.ನ.ಕೃ., ಮ. ರಾಮಮೂರ್ತಿ ಬೀದಿಗಿಳಿದಿದ್ದ ದಶಕ ಅದು. ಬೇಡ ಎಂದದ್ದರ ಜೊತೆಗೆ ನಮ್ಮದನ್ನು ಮಾಡಿಯೂ ತೋರಿಸಿದರು.

ಇನ್ನೊಂದು ಮಾತು ಮರೆಯಬಾರದು. 1988ರಲ್ಲಿ ಅಮೆರಿಕದ ಚಿತ್ರ ಬರಹಗಾರರ ಸಂಘ ಮುಷ್ಕರ ಹೂಡಿತು. ಮೈಬಾಮ್ ಆಗ 'ಲೈಸೆನ್ಸ್ ಟು ಕಿಲ್' ಕೆಲಸದಲ್ಲಿದ್ದ. ವಯಸ್ಸು 78. ಪೆನ್ನು ಕೆಳಗಿಟ್ಟ. ಉಳಿದದ್ದನ್ನು ಜೊತೆಗಾರ ಮೈಕೇಲ್ ವಿಲ್ಸನ್ ಬರೆದು ಮುಗಿಸಿದ. ಆದರೂ ಚಿತ್ರದಲ್ಲಿ ಮೈಬಾಮ್ ಹೆಸರು ಉಳಿಯಿತು. 1991ರ ಜನವರಿಯಲ್ಲಿ ತೀರಿಕೊಂಡ.

ನಮ್ಮಲ್ಲಿ? ಕೆಲವು ವರ್ಷಗಳ ಹಿಂದೆ ಒಬ್ಬ ನಿರ್ಮಾಪಕರು ನನ್ನ ಪ್ರೆಸ್ಸಿಗೆ ಬಂದು, ಜಾಗ ಸಾಲದು, ಚಿತ್ರಕಥೆಯ ಸಾಲು ತೆಗೆದು ಫೈನಾನ್ಸಿಯರ್ ಹೆಸರು ಹಾಕಿ ಎಂದರು. ತೆಗೆದೆ. ತಪ್ಪು ನನ್ನದೇ. ಸಂಜೆ ಆ ಬರಹಗಾರ ಬಂದರು. ಒಣಗಲು ಹರಡಿದ್ದ ಪೋಸ್ಟರನ್ನು ಮೇಲಿಂದ ಕೆಳಗೆ ಎರಡು ಸಲ ನೋಡಿದರು. "ಪ್ರೂಫ್ ನೋಡಿದವರು ಯಾರಣ್ಣ?" ಎಂದಷ್ಟೇ ಕೇಳಿದರು. ಕೊಟ್ಟ ಟೀ ಕುಡಿಯಲಿಲ್ಲ.

ಅಂದಿನಿಂದ ಬರೆದವರ ಹೆಸರಿಲ್ಲದ ಪೋಸ್ಟರ್ ನನ್ನ ಮಿಷನ್ನಿಗೆ ಏರುವುದಿಲ್ಲ. ಎರಡು ಆರ್ಡರ್ ಕೈಬಿಟ್ಟು ಹೋಗಿವೆ. ಒಬ್ಬರು ಮಾತ್ರ ವಾಪಸ್ ಬಂದು, ಹೆಸರು ಸೇರಿಸಿ, ಮೂರು ಸಾವಿರ ಪ್ರತಿ ಹೊಡೆಸಿಕೊಂಡು ಹೋದರು.