ಮೂಳೆಯ ಸುಣ್ಣ

ಸುಣ್ಣವೆಂದೊಡನೆ ನಮ್ಮ ನೆನಪಿಗೆ ಬರುವುದು ಗೋಡೆಗೆ ಬಳಿಯುವ ಸುಣ್ಣ, ಇಲ್ಲವೆ ವೀಳೆಯದೆಲೆಗೆ ಸವರುವ ಸುಣ್ಣ. ಈ ಸಂಜೆ ನಾವು ಶ್ರೋತೃಗಳ ಮುಂದೆ ಇಡಬೇಕೆಂದಿರುವುದು ಇನ್ನೊಂದು ಬಗೆಯ ಸುಣ್ಣದ ವಿಷಯ. ಅದು ಕೇಳುತ್ತಿರುವ ತಮ್ಮೆಲ್ಲರ ಮೈಯೊಳಗೇ ಇರತಕ್ಕದ್ದು. ಬೆಳೆದ ಮನುಷ್ಯನ ದೇಹದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಧಾತುವೂ ಸುಮಾರು 700 ಗ್ರಾಂ ರಂಜಕವೂ ಉಂಟು. ಈ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲೂ, ರಂಜಕದಲ್ಲಿ ನೂರಕ್ಕೆ 85 ಪಾಲೂ ಮೂಳೆ ಹಲ್ಲುಗಳಲ್ಲಿಯೇ ಸೇರಿಕೊಂಡಿವೆ. ಇವೆರಡೂ ಆಮ್ಲಜನಕದೊಡನೆ ಕೂಡಿ ಆದ ವಸ್ತುವೇ ಕ್ಯಾಲ್ಸಿಯಂ ಫಾಸ್ಫೇಟು.

ರಂಜಕವನ್ನು ಮೊದಲು ಬೇರ್ಪಡಿಸಿದವನು ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್. ಅವನು 1669ರಲ್ಲಿ ಹುಡುಕುತ್ತಿದ್ದುದು ಚಿನ್ನವನ್ನು, ಹುಡುಕಿದ್ದು ಮೂತ್ರದಲ್ಲಿ! ಸಿಕ್ಕಿದ್ದು ಕತ್ತಲೆಯಲ್ಲಿ ತಾನಾಗಿ ಹೊಳೆಯುವ ಮೇಣದಂತಹ ಒಂದು ಪದಾರ್ಥ. ಅದೇ ಧಾತು ಮೂಳೆಯಲ್ಲಿ ರಾಶಿಯಾಗಿರುವುದೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. 1770ರ ಸುಮಾರಿಗೆ ಸ್ವೀಡನ್ನಿನ ಗಾನ್ ಮತ್ತು ಷೀಲೆ ಎಂಬ ವಿದ್ವಾಂಸರು ಅದನ್ನು ಕಂಡುಕೊಂಡರು.

ಮೂಳೆಯನ್ನು ಕೆಲವು ದಿನ ಹುಳಿಯಾದ ದ್ರಾವಕದಲ್ಲಿ, ಅಂದರೆ ವಿನೆಗರಿನಂತಹುದರಲ್ಲಿ, ನೆನೆಹಾಕಿದರೆ ಫಾಸ್ಫೇಟು ಕರಗಿಹೋಗಿ ಹಗ್ಗದಂತೆ ಬಾಗುವ ಮೆತ್ತನೆಯ ವಸ್ತುವೊಂದು ಉಳಿಯುತ್ತದೆ. ಅದಕ್ಕೆ ಬದಲಾಗಿ ಬೆಂಕಿಯಲ್ಲಿ ಸುಟ್ಟರೆ ಮೂಳೆಯ ಆಕಾರವೇನೋ ಹಾಗೆಯೇ ಉಳಿಯುವುದು. ಬೆರಳು ತಗುಲಿದರೆ ಪುಡಿಯಾಗುವುದು. ಒಂದರಲ್ಲಿ ಬಿಗಿಯಿಲ್ಲ, ಇನ್ನೊಂದರಲ್ಲಿ ನಯವಿಲ್ಲ. ಎರಡೂ ಹೆಣೆದುಕೊಂಡಿರುವಾಗಲೇ ಮೂಳೆಗೆ ಭಾರ ಹೊರುವ ಶಕ್ತಿ.

ಹಾಲಿನ ವಿಷಯ ಇನ್ನೂ ಸ್ವಾರಸ್ಯವಾದುದು. ಕ್ಯಾಲ್ಸಿಯಂ ಫಾಸ್ಫೇಟು ನೀರಿನಲ್ಲಿ ಸುಲಭವಾಗಿ ಕರಗತಕ್ಕದ್ದಲ್ಲ. ಹಾಗಿದ್ದರೂ ಹಾಲಿನ ತಳದಲ್ಲಿ ಅದು ಮರಳಿನಂತೆ ಏಕೆ ಕೂರುವುದಿಲ್ಲ? ಹಾಲಿನ ಕೇಸೀನ್ ಎಂಬ ಸಸಾರಜನಕವು ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಅದನ್ನು ತನ್ನೊಳಗೆ ಹಿಡಿದುಕೊಂಡಿದೆ. ಹೆಪ್ಪು ಹಾಕಿ ಹುಳಿಯೇರುತ್ತ ಬಂದಂತೆ ಫಾಸ್ಫೇಟು ಉಂಡೆಯನ್ನು ಬಿಟ್ಟು ನೀರಿಗೆ ಸೇರುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಶ್ರೀಖಂಡ ಮಾಡುವ ಮನೆಗಳಲ್ಲಿ ಕೆಳಗೆ ತೊಟ್ಟಿಕ್ಕುವ ತಿಳಿನೀರನ್ನು ಚೆಲ್ಲುವುದು ವಾಡಿಕೆ. ಮಕ್ಕಳ ಮೂಳೆಗೆ ಬೇಕಾದುದರಲ್ಲಿ ಒಳ್ಳೆಯ ಪಾಲು ಆ ನೀರಿನೊಡನೆ ಬಚ್ಚಲಿಗೆ ಹೋಗುತ್ತದೆಂಬುದನ್ನು ಗೃಹಿಣಿಯರು ಗಮನಿಸಬೇಕು. ಸಾರಿಗೋ ಹಿಟ್ಟು ಕಲಸುವುದಕ್ಕೋ ಅದನ್ನು ಬಳಸಬಹುದು. ನಮ್ಮ ರಾಗಿಯಲ್ಲಿಯೂ 100 ಗ್ರಾಮಿಗೆ 300 ಮಿಲಿಗ್ರಾಮಿಗೂ ಹೆಚ್ಚಾಗಿ ಕ್ಯಾಲ್ಸಿಯಂ ಇದೆ. ಆದರೆ ಕಾಳಿನ ರಂಜಕದ ಬಹುಭಾಗ ಫೈಟಿನ್ ಎಂಬ ರೂಪದಲ್ಲಿದ್ದು, ಅದು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ. ಮೊಳಕೆ ಬರಿಸಿದರೆ ಈ ಕಟ್ಟು ಸಡಿಲವಾಗುವುದು. ಎಳೆಯ ಮಕ್ಕಳಿಗೆ ಮೊಳಕೆಯ ರಾಗಿಯಿಂದ ಸರಿ ಮಾಡಿ ಉಣಿಸುತ್ತಿದ್ದ ನಮ್ಮ ಅಜ್ಜಿಯರು ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಅವರ ಕೈಗೆ ಅದು ಬರುತ್ತಿತ್ತು.

ಇಷ್ಟೆಲ್ಲ ಫಾಸ್ಫೇಟು ಮೂಲತಃ ಬರುವುದು ಮಣ್ಣಿನಿಂದ. ಗಿಡವು ಅದನ್ನು ಬೇರಿನಿಂದ ಹೀರಬೇಕಾದರೆ ಅದು ನೀರಿನಲ್ಲಿ ಕರಗಿರಬೇಕು. ತೊಡಕು ಇಲ್ಲಿಯೇ. ಸೂತ್ರಗಳನ್ನು ಕಿವಿಗೆ ಹೇಳಿ ಪ್ರಯೋಜನವಿಲ್ಲವಾದುದರಿಂದ ಮಾತಿನಲ್ಲಿಯೇ ವಿವರಿಸುತ್ತೇವೆ. ಮೂಳೆಬೂದಿಯಂತಹ ಫಾಸ್ಫೇಟಿನಲ್ಲಿ ಎರಡು ಪಾಲು ರಂಜಕಾಮ್ಲವನ್ನು ಮೂರು ಪಾಲು ಸುಣ್ಣ ಬಿಗಿಯಾಗಿ ಹಿಡಿದಿದೆಯೆಂದು ಭಾವಿಸಿ. ಗಂಧಕಾಮ್ಲವನ್ನು ಸುರಿದರೆ ಅದು ಮೂರರಲ್ಲಿ ಎರಡು ಪಾಲು ಸುಣ್ಣವನ್ನು ಕಿತ್ತುಕೊಂಡು ಜಿಪ್ಸಂ ಆಗುತ್ತದೆ. ಒಂದೇ ಪಾಲು ಸುಣ್ಣದೊಡನೆ ಉಳಿದ ಫಾಸ್ಫೇಟು ನೀರಿನಲ್ಲಿ ಕರಗುವಂತಹುದು. ಈ ಮಿಶ್ರಣವೇ ಸೂಪರ್‌ಫಾಸ್ಫೇಟು. ಇಂಗ್ಲೆಂಡಿನ ರಾಥಂಸ್ಟೆಡ್ ಎಂಬಲ್ಲಿನ ಜಮೀನುದಾರ ಜಾನ್ ಬೆನೆಟ್ ಲಾಸ್ ಎಂಬಾತನು 1842ರಲ್ಲಿ ಇದಕ್ಕೆ ಪೇಟೆಂಟು ಪಡೆದು ಮರುವರ್ಷವೇ ಕಾರ್ಖಾನೆ ತೆರೆದನು. ಅವನು ಅದೇ 1843ರಲ್ಲಿ ಆರಂಭಿಸಿದ ಗೋಧಿಹೊಲದ ಪರೀಕ್ಷೆ ಇಂದಿಗೂ ನಡೆಯುತ್ತಿದೆ.

ಹೀಗೆ ಕಷ್ಟಪಟ್ಟು ಕರಗಿಸಿದ ಫಾಸ್ಫೇಟನ್ನು ಹೊಲಕ್ಕೆ ಹಾಕಿದರೆ ಮಣ್ಣು ಸುಮ್ಮನಿರುವುದೇ? ಕೆಮ್ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅದನ್ನು ಹಿಡಿದುಕೊಳ್ಳುತ್ತವೆ; ಸುಣ್ಣ ಹೆಚ್ಚಾಗಿರುವ ಕಪ್ಪುನೆಲದಲ್ಲಿ ಅದು ಹಿಂದಿನ ಕರಗದ ರೂಪಕ್ಕೇ ತಿರುಗುತ್ತದೆ. ಮಲೆನಾಡಿನ ಹುಳಿಮಣ್ಣಿನಲ್ಲಿ ಇನ್ನೊಂದು ದಾರಿಯುಂಟು. ಆ ಮಣ್ಣಿನ ಹುಳಿಯೇ ಕಲ್ಲಿನ ಫಾಸ್ಫೇಟಿನ ಪುಡಿಯನ್ನು ಮೆಲ್ಲಗೆ ಕರಗಿಸುವುದರಿಂದ ಕಾಫಿ ತೋಟದವರು ಪುಡಿಯನ್ನು ನೇರವಾಗಿಯೇ ಹಾಕುತ್ತಾರೆ.

ಲಾಸನ ಕಾರ್ಖಾನೆಗೆ ಮೊದಲು ಬೇಕಾದದ್ದು ಮೂಳೆ. ಯೂರೋಪಿನ ಈ ಹಸಿವಿಗೆ ಇಂಡಿಯಾದ ಮೂಳೆಗಳೂ ಹಡಗೇರಿದವು. ಸರ್ಕಾರದ ಕರೆಯ ಮೇರೆಗೆ 1889ರಲ್ಲಿ ಇಲ್ಲಿಗೆ ಬಂದು ದೇಶವನ್ನು ಸುತ್ತಿ ನೋಡಿದ ವೋಲ್ಕರ್ ಎಂಬ ವಿಜ್ಞಾನಿಯು, 1893ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ, ಮೂಳೆಯನ್ನೂ ಎಣ್ಣೆಬೀಜವನ್ನೂ ಹೊರಕ್ಕೆ ಕಳಿಸುವುದೆಂದರೆ ನೆಲದ ಸಾರವನ್ನೇ ಕಳಿಸಿದಂತೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟನು. ಕೇಳಿದವರು ಕಡಿಮೆ.

ಮೂಳೆ ಸಾಲದಾದಾಗ ಕಲ್ಲಿಗೆ ಕೈಹಾಕಿದರು. ನೌರು ಎಂಬ ಪೆಸಿಫಿಕ್ ದ್ವೀಪದ ಕಥೆಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ದ್ವೀಪದ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು. ಅಲ್ಲಿಂದ ತಂದ ಕಲ್ಲೊಂದು ಸಿಡ್ನಿಯ ಒಂದು ಕಚೇರಿಯಲ್ಲಿ ಬಾಗಿಲು ಮುಚ್ಚದಂತೆ ಒಡ್ಡಿಡಲು ಬಳಕೆಯಾಗುತ್ತಿತ್ತು. ಅದನ್ನು ಕಲ್ಲಾದ ಮರವೆಂದು ನಂಬಿದ್ದರು. 1900ರ ಸುಮಾರಿನಲ್ಲಿ ಆಲ್ಬರ್ಟ್ ಎಲ್ಲಿಸ್ ಎಂಬಾತ ಪರೀಕ್ಷಿಸಿ ನೋಡಿದಾಗ ಅದು ಅತ್ಯುತ್ತಮ ಫಾಸ್ಫೇಟು! ಕೆಲವೇ ವರ್ಷಗಳಲ್ಲಿ ಅಗೆತ ಪ್ರಾರಂಭವಾಯಿತು. ದ್ವೀಪದ ನಡುಭಾಗವೆಲ್ಲ ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹುಲ್ಲುಗಾವಲಿಗೆ ಗೊಬ್ಬರವಾಗಿ ಹೋಯಿತು. ಈಗ ಅಲ್ಲಿ ಉಳಿದಿರುವುದು ಹವಳಸುಣ್ಣದ ಮೊನಚಾದ ಕಂಬಗಳು; ನೆಲ ಉಳುವುದಕ್ಕಿಲ್ಲ, ಮನೆ ಕಟ್ಟುವುದಕ್ಕೂ ಇಲ್ಲ. 1968ರಲ್ಲಿ ಸ್ವತಂತ್ರವಾದ ಈ ಪುಟ್ಟ ರಾಷ್ಟ್ರ 1989ರಲ್ಲಿ ಆಸ್ಟ್ರೇಲಿಯದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು, 1993ರಲ್ಲಿ ರಾಜಿಯಾಯಿತು. ನೆರೆಯ ಬನಾಬ ದ್ವೀಪದವರ ಗತಿ ಇದಕ್ಕಿಂತ ಕಠಿಣ. 1945ರ ಡಿಸೆಂಬರಿನಲ್ಲಿ ಅವರನ್ನು ಫಿಜಿಯ ರಂಬಿ ದ್ವೀಪಕ್ಕೆ ಸಾಗಿಸಿದರು. ರಾಜಿಯ ಹಣ ಬರಬಹುದು. ಹೋದ ಮಣ್ಣನ್ನು ಯಾವ ನ್ಯಾಯಾಲಯ ಹಿಂದಿರುಗಿಸೀತು?

ನಮ್ಮ ದೇಶದಲ್ಲಿ 1968ರಲ್ಲಿ ಉದಯಪುರದ ಬಳಿಯ ಝಾಮರಕೋಟ್ರದಲ್ಲಿ ಒಳ್ಳೆಯ ನಿಕ್ಷೇಪ ಸಿಕ್ಕಿತಾದರೂ ನಮಗೆ ಬೇಕಾದುದರ ಬಹುಭಾಗ ಇಂದಿಗೂ ಹೊರಗಿನಿಂದಲೇ ಬರಬೇಕು. ಲೋಕದ ಫಾಸ್ಫೇಟು ಕಲ್ಲಿನ ಅತಿ ದೊಡ್ಡ ಸಂಚಯವಿರುವುದು ಮೊರಾಕ್ಕೋ ಸೀಮೆಯಲ್ಲಿ. ಕಲ್ಲಿದ್ದಲು ಮುಗಿದರೆ ಬಿಸಿಲಿದೆ, ಗಾಳಿಯಿದೆ. ರಂಜಕಕ್ಕೆ ಬದಲು ವಸ್ತುವಿಲ್ಲ.

ಇತರ ಉಪಯೋಗಗಳನ್ನು ಬೇಗ ಮುಗಿಸುತ್ತೇವೆ. ಕೇಕು ಉಬ್ಬಿಸುವ ಪುಡಿಯಲ್ಲಿ ಸೋಡಾದೊಡನೆ ಸೇರುವ ಆಮ್ಲವಸ್ತುವಾಗಿ ಇದರ ಒಂದು ಬಗೆಯುಂಟು. ಬೋನ್ ಚೈನಾ ಎಂಬ ಬೆಳಕು ತೂರುವ ಪಿಂಗಾಣಿಯಲ್ಲಿ ಸುಮಾರು ಅರ್ಧ ಪಾಲು ಮೂಳೆಬೂದಿ. ವೈದ್ಯರು ಮುರಿದ ಮೂಳೆಯ ಬಿರುಕನ್ನು ಕೃತಕ ಫಾಸ್ಫೇಟಿನ ಕಣಗಳಿಂದ ತುಂಬುತ್ತಾರೆ; ಅದರ ಒಂದು ಬಗೆಯನ್ನು ದೇಹವು ಮೆಲ್ಲಮೆಲ್ಲಗೆ ಕರಗಿಸಿಕೊಂಡು ಆ ಜಾಗದಲ್ಲಿ ತನ್ನದೇ ಮೂಳೆ ಬೆಳೆಸುತ್ತದೆ.

ಇನ್ನು ಪಟ್ಟಣವಾಸಿಗಳಾದ ನಮ್ಮ ಪಾಲಿನ ಲೆಕ್ಕ. ಬೆಳವಣಿಗೆ ಮುಗಿದವರ ದೇಹದಿಂದ, ದಿನದಿನ ಉಂಡ ರಂಜಕದಷ್ಟೇ ರಂಜಕ ಹೊರಕ್ಕೆ ಹೋಗುತ್ತದೆ. ಹಳ್ಳಿಯ ಹೊಲದಿಂದ ಕಾಳಾಗಿ ಬಂದದ್ದು ಹಳ್ಳಿಗೆ ಮರಳುವುದಿಲ್ಲ. ಮೋರಿಯಿಂದ ಕೆರೆಗೆ ಹೋಗಿ ಸೇರುವುದೇ ಹೆಚ್ಚು. ಬೆಂಗಳೂರಿನ ಕೆರೆಗಳ ಮೇಲೆ ಹಸುರು ಕಂಬಳಿಯಂತೆ ಹಬ್ಬುವ ಅಂತರಗಂಗೆಯ ಕಳೆ ಉಣ್ಣುತ್ತಿರುವುದು ಈ ಫಾಸ್ಫೇಟನ್ನೇ. ಅದನ್ನು ಹಣ ಕೊಟ್ಟು ಕೀಳಿಸಿ ದಡದಲ್ಲಿ ರಾಶಿ ಹಾಕಿದರೆ, ಮುಂದಿನ ಮಳೆಯಲ್ಲಿ ಅದೇ ಸಾರ ಕೆರೆಗೇ ಇಳಿಯುವುದು. ಕಳೆಯಲ್ಲಿ ವಿಷದ ಲೋಹಗಳಿಲ್ಲವೆಂದು ಪರೀಕ್ಷಿಸಿ ಗೊಬ್ಬರವಾಗಿ ಕೊಳೆಸಿದರೆ, ಅದರ ರಂಜಕ ಬಂದ ದಾರಿಯಲ್ಲಿಯೇ ಹೊಲಕ್ಕೆ ಹಿಂದಿರುಗಬಹುದು.