ಸಾವಿರದಲ್ಲಿ ಎಷ್ಟು ಮಂದಿ?

(ಸಂಘದ ಸಂಸ್ಥಾಪನಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ವೈದ್ಯರು ಮೈಕು ಹಿಡಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಉಪದೇಶ ತಪ್ಪದು ಎಂದುಕೊಂಡಿದ್ದೀರಿ. ಇಂದು ಅದಕ್ಕೆ ರಜೆ. ನಮ್ಮ ಮಕ್ಕಳು ಕಾಲೇಜಿನಲ್ಲಿ ಓದುತ್ತಿರುವ ಕೃತಕ ಬುದ್ಧಿಮತ್ತೆಯ ಆರಂಭದ ಪಾಠಗಳ ಬಗ್ಗೆ ನಾಲ್ಕು ಮಾತು.

ಈ ಪಾಠಕ್ಕೂ ನಮಗೂ ಹಳೆಯ ನಂಟು. 2011ರ ಅಕ್ಟೋಬರಿನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಈ ತರಗತಿಯನ್ನು ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಇಂಟರ್ನೆಟ್ ಮೂಲಕ ಎಲ್ಲರಿಗೂ ಉಚಿತವಾಗಿ ತೆರೆದರು. ಸುಮಾರು 1,60,000 ಜನ ಹೆಸರು ಕೊಟ್ಟರು; ಕೊನೆ ಮುಟ್ಟಿದವರು ಸುಮಾರು 23,000. ಎಂ.ಬಿ.ಬಿ.ಎಸ್. ಮುಗಿಸಿ ಬಂದು ಇಲ್ಲಿ ರೆಸಿಡೆನ್ಸಿ ಮಾಡುತ್ತಿದ್ದ ನಾವು ಗಂಡ ಹೆಂಡತಿ ಹೆಸರು ಕೊಟ್ಟವರಲ್ಲಿ ಇದ್ದೆವು, ಮುಗಿಸಿದವರಲ್ಲಿ ಇರಲಿಲ್ಲ! ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಎರಡನೆಯ ವಾರದ ಪಾಠವೇ ಜೋಗುಳವಾಯಿತು.

ವೈದ್ಯರಿಗೆ ಈ ವಿದ್ಯೆ ಹೊಸದಲ್ಲ. 1970ರ ದಶಕದಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ 'ಮೈಸಿನ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ಸಿದ್ಧವಾಗಿತ್ತು. ರಕ್ತದ ಸೋಂಕಿಗೆ ಯಾವ ಆಂಟಿಬಯಾಟಿಕ್ ಕೊಡಬೇಕೆಂದು ನೂರಾರು ನಿಯಮಗಳಿಂದ ಲೆಕ್ಕ ಹಾಕಿ ಹೇಳುತ್ತಿತ್ತು. ಪರಿಣತರು ಅದರ ಸಲಹೆಗಳನ್ನು ಪರೀಕ್ಷಿಸಿ ಮೆಚ್ಚಿದರೂ ಆಸ್ಪತ್ರೆಗಳ ನಿತ್ಯದ ಬಳಕೆಗೆ ಅದು ಬರಲಿಲ್ಲ.

ಈಗ ನಮ್ಮ ಮಗಳು ಅದೇ ವಿಷಯ ಓದುತ್ತಿದ್ದಾಳೆ. ಕಳೆದ ಚಳಿಗಾಲದ ಒಂದು ರಾತ್ರಿ ತುಮಕೂರಿನಿಂದ ಫೋನ್ ಬಂತು. ಅಮ್ಮನಿಗೆ ಯಾವ ತೊಂದರೆಯೂ ಇರಲಿಲ್ಲ. ತಪಾಸಣೆಗೆಂದು ಮಾಡಿಸಿದ ಮ್ಯಾಮೊಗ್ರಾಮ್‌ನಲ್ಲಿ ಅನುಮಾನದ ಗುರುತು ಕಂಡಿದೆಯಂತೆ. ದಿನವೂ ರೋಗಿಗಳಿಗೆ ಧೈರ್ಯ ಹೇಳುವ ನಾವಿಬ್ಬರೂ ಬೆವರಿದೆವು. ವಿಮಾನದ ಟಿಕೆಟ್ ಹುಡುಕತೊಡಗಿದೆವು.

ಮಗಳು ಕೇಳಿದಳು: "ಅಪ್ಪ, ಸಾವಿರ ಜನರಲ್ಲಿ ಎಷ್ಟು ಮಂದಿಗೆ ಈ ಕಾಯಿಲೆ ಇರುತ್ತೆ?"

ಅವಳ ಪಾಠದ ಲೆಕ್ಕ ಹೀಗಿತ್ತು. ಸಾವಿರ ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ ಎನ್ನಿ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಉಳಿದ 990 ಆರೋಗ್ಯವಂತರಲ್ಲಿ ನೂರಕ್ಕೆ ಹತ್ತರಂತೆ 99 ಮಂದಿಯನ್ನೂ ತಪ್ಪಾಗಿ ಹಿಡಿಯುತ್ತದೆ. ಒಟ್ಟು 108 ಜನರಿಗೆ 'ಅನುಮಾನ' ಎಂಬ ವರದಿ. ಕಾಯಿಲೆ ಇರುವುದು 9 ಮಂದಿಗೆ, ಅಂದರೆ ಹನ್ನೆರಡರಲ್ಲಿ ಒಬ್ಬರಿಗೆ. ಥಾಮಸ್ ಬೇಯ್ಸ್ ಎಂಬ ಇಂಗ್ಲಿಷ್ ಪಾದ್ರಿಯ ಸೂತ್ರವಿದು. ಅವರು ತೀರಿಕೊಂಡ ಮೇಲೆ 1763ರಲ್ಲಿ ಪ್ರಕಟವಾಯಿತು. ನಾವೂ ವೈದ್ಯ ಕಾಲೇಜಿನಲ್ಲಿ ಓದಿದ್ದೆವು. ಅಮ್ಮನ ವರದಿ ಎಂದಾಗ ಮರೆತಿದ್ದೆವು.

ಹಾಗೆಂದು ವರದಿಯನ್ನು ಕಡೆಗಣಿಸುವಂತಿಲ್ಲ. ಮುಂದಿನ ಪರೀಕ್ಷೆ ಆಗಲೇಬೇಕು. ಆದರೆ ಅಜ್ಜಿಗೆ ಇದನ್ನು ಹೇಳುವುದು ಹೇಗೆ? ಇಂಗ್ಲಿಷಿನಲ್ಲಿ ಪಟಪಟ ಹೇಳಿದ ಹುಡುಗಿ ಕನ್ನಡದಲ್ಲಿ ತಡವರಿಸಿದಳು. ಕೊನೆಗೆ, "ಅಜ್ಜಿ, ಅಕ್ಕಿ ಆರಿಸುವಾಗ ಕಲ್ಲು ಅಂತ ಎತ್ತಿದ್ದೆಲ್ಲ ಕಲ್ಲೇ ಆಗಿರುತ್ತಾ? ಇನ್ನೊಂದು ಸಲ ನೋಡಬೇಕು, ಅಷ್ಟೆ" ಎಂದಳು. ಅಜ್ಜಿ ಮರುದಿನವೇ ಪರೀಕ್ಷೆಗೆ ಹೋದರು. ದೇವರ ದಯೆ, ಏನೂ ಇರಲಿಲ್ಲ.

ಬಂಧುಗಳೇ, ಮಕ್ಕಳು ಈ ವಿದ್ಯೆ ಕಲಿಯಲಿ. ಕಲಿತದ್ದನ್ನು ಊರಿನ ಅಜ್ಜ ಅಜ್ಜಿಯರಿಗೆ ತಿಳಿಯುವಂತೆ ಹೇಳುವಷ್ಟು ಕನ್ನಡವೂ ಅವರಲ್ಲಿರಲಿ. ನಮ್ಮ ಭಾನುವಾರದ ಕನ್ನಡ ತರಗತಿಗೆ ದೊಡ್ಡ ಮಕ್ಕಳನ್ನೂ ಕಳುಹಿಸಿ. ತಿಂಗಳಿಗೊಂದು ಪಾಠವನ್ನು ಅವರೇ ಕನ್ನಡದಲ್ಲಿ ನಮಗೆ ಹೇಳಲಿ. ಮುಂದಿನ ಬೆಂಚಿನಲ್ಲಿ ನಾವಿಬ್ಬರೂ ಕೂರುತ್ತೇವೆ. ಈ ಸಲ ನಿದ್ದೆ ಮಾಡುವುದಿಲ್ಲ.